ಹಿಂದಿನ ಹೆಗಲು

ಬಚ್ಚಲಲ್ಲಿ ಕೂತು ಎಡಹೆಗಲಿಗೆ ಸೋಪು ತಿಕ್ಕುತ್ತಿದ್ದ ಪರಮೇಶನಿಗೆ ಈ ಹೆಗಲು ತನ್ನದಲ್ಲ ಎನ್ನಿಸಿತು. ಅಪ್ಪ ಸೊಂಟ ಹಿಡಿದು ಮೂಲೆ ಸೇರಿದ ವರ್ಷ ಊರಿನವರು ಇವನನ್ನು ಕರೆದು ಊರದೇವತೆ ಕರಿಯಮ್ಮನನ್ನು ಹೊರುವ ಹಿಂದಿನ ಬೊಂಬಿಗೆ ಹೆಗಲು ಕೊಡಿಸಿದ್ದರು. ಅಂದಿನಿಂದ ಅದು ಊರಿನದಾಯಿತು. ಅಮ್ಮನದು ಎಂದು ಹೇಳಬೇಕು, ಹಾಗೇ ಹೇಳುತ್ತಲೂ ಇದ್ದ. ಈಗ ಕೆಲವು ದಿನಗಳಿಂದ ಅದು ಮರಳು ಬೋಟಿನ ರಂಗೇಶನದೂ ಆಗಿತ್ತು. ಹೊಸದುರ್ಗದ ಅಂಗಡಿಯಲ್ಲಿ ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ಕೈಗಳು ತನ್ನವು, ಕುತ್ತಿಗೆಯಿಂದ ತೋಳಿನವರೆಗಿನ ಈ ಗೇಣುದ್ದದ ಮಾಂಸವನ್ನು ಮಾತ್ರ ಯಾರು ಯಾರೋ ಹಂಚಿಕೊಂಡಿದ್ದಾರೆ ಅಂದುಕೊಂಡ. ನಗು ಬರಬೇಕಿತ್ತು. ಬರಲಿಲ್ಲ, ಚೊಂಬು ಕೈಯಿಂದ ಜಾರಿತು. ಸದ್ದು ಕೇಳಿ ಹೊರಗಿನಿಂದ ಹೆಂಡತಿ ಸುಚಿತ್ರಾ, “ಏನ್ ಬಿತ್ತು ರೀ?” ಅಂದಳು. “ಏನಿಲ್ಲ, ಚೊಂಬು.” “ಹುಷಾರು. ಇವತ್ತೊಂದಿನ ಜಾರಿ ಬಿದ್ದುಗಿದ್ದೀರ.” ಅವಳ ದನಿಯಲ್ಲಿ ಹೆಮ್ಮೆ ಇತ್ತು. ಆ ಹೆಮ್ಮೆಗೆ ಅವನು ಹೆದರಿದ.

ಇವತ್ತು ಮಧ್ಯಾಹ್ನ ಹಿನ್ನೀರಿನ ನಡುವಿನ ಮರಳು ದಿಬ್ಬದ ಮೇಲೆ ಅಮ್ಮನನ್ನು ನಿಲ್ಲಿಸಿಕೊಂಡು ಊರಿಗೆ ಊರೇ ಅಪ್ಪಣೆ ಕೇಳುವುದಿತ್ತು: ಮರಳು ತೆಗೆಯಲು ಬಿಡಬೇಕೋ, ಬೇಡವೋ. ಎರಡು ಬೊಂಬುಗಳ ನಡುವೆ ಅಮ್ಮ. ಮುಂದೆ ಕೆಂಚಣ್ಣ, ಹಿಂದೆ ಪರಮೇಶ. ಅಮ್ಮ ಮುಂದಕ್ಕೆ ನಡೆದರೆ ಒಪ್ಪಿಗೆ, ಹಿಂದಕ್ಕೆ ಸರಿದರೆ ಇಲ್ಲ. ಹೆಣ್ಣು ನೋಡುವುದರಿಂದ ಹಿಡಿದು ಬೋರು ಕೊರೆಸುವವರೆಗೆ ಈ ಊರಿನ ಎಲ್ಲವೂ ಇತ್ಯರ್ಥವಾಗುತ್ತಿದ್ದದ್ದು ಹೀಗೆಯೇ. ತಹಶೀಲ್ದಾರರ ಮಾತಿಗೆ ಎದುರಾಡುವ ಜನ ಅಮ್ಮನ ಹೆಜ್ಜೆಗೆ ತುಟಿ ಬಿಚ್ಚುವುದಿಲ್ಲ. ಅಮ್ಮನ ಹೆಜ್ಜೆ ಅಂದರೆ ನಾಲ್ಕು ಕಾಲು, ಅದರಲ್ಲಿ ಎರಡು ತನ್ನವು ಎಂಬುದನ್ನು ಇಷ್ಟು ವರ್ಷ ಪರಮೇಶ ಯೋಚಿಸಿರಲೇ ಇಲ್ಲ. ಉಸಿರಾಡುವುದನ್ನು ಯಾರಾದರೂ ಯೋಚಿಸುತ್ತಾರೆಯೇ? ಯೋಚಿಸಲು ಶುರು ಮಾಡಿದರೆ ಉಸಿರು ಕಟ್ಟುತ್ತದೆ. ಈಗ ಅವನಿಗೆ ಆಗುತ್ತಿದ್ದದ್ದು ಅದೇ.

ಮಾರಿಕಣಿವೆ ಅಣೆಕಟ್ಟಿನ ನೀರು ಹಿಂದಕ್ಕೆ ಚಾಚಿಕೊಂಡು ಬಂದು ಊರಿನ ತೆಂಗಿನ ತೋಟಗಳ ಬುಡ ಮುಟ್ಟುವಲ್ಲಿ, ವೇದಾವತಿ ತಾನು ಹೊತ್ತು ತಂದದ್ದನ್ನೆಲ್ಲ ಇಳಿಸಿ ಹಗುರಾಗುತ್ತಾಳೆ. ಹಾಗೆ ಇಳಿಸಿ ಇಳಿಸಿ ಆದದ್ದು ಆ ದಿಬ್ಬ. ಮಳೆಗಾಲದಲ್ಲಿ ಕಾಣಿಸುವುದಿಲ್ಲ, ಬೇಸಿಗೆ ಬಂತೆಂದರೆ ಮಲಗಿದ ಎಮ್ಮೆಯ ಬೆನ್ನಿನಂತೆ ನೀರಿನ ನಡುವೆ ಎದ್ದುಕೊಳ್ಳುತ್ತದೆ. ಮರಳಿನ ಗುತ್ತಿಗೆಯವರು ಕಾಗದದಲ್ಲಿ ಅದಕ್ಕೆ ಹೂಳು ಎಂದು ಹೆಸರಿಟ್ಟು, ಹೂಳೆತ್ತುವ ಕಾಮಗಾರಿ ಎಂದು ಬೋರ್ಡು ಹಾಕಿ, ಕಬ್ಬಿಣದ ಬೋಟೊಂದನ್ನು ಲಾರಿಯಲ್ಲಿ ತಂದು ನೀರಿಗೆ ಇಳಿಸಿದ್ದರು. ಅದರ ಬಾಯಿಂದ ಆನೆಯ ಸೊಂಡಿಲಿನಷ್ಟು ದಪ್ಪದ ಪೈಪು ಇಳಿಬಿದ್ದಿತ್ತು. ಮೇಲಿನ ಊರಿನಲ್ಲಿ ಅಂಥದೇ ಪೈಪು ಒಂದು ಬೇಸಿಗೆಯಿಡೀ ಹೀರಿತ್ತು. ಮಳೆ ಬಂದದ್ದೇ ದಡದ ತೋಟ ಕುಸಿಯಿತು, ಕಾಯಿ ಬಿಟ್ಟ ಮರಗಳು ಬಿಟ್ಟ ಹಾಗೇ ನೀರಿನಲ್ಲಿ ಮಲಗಿದವು. ಅಲ್ಲಿಗೆ ಮದುವೆ ಮಾಡಿ ಕೊಟ್ಟಿದ್ದ, ಪರಮೇಶನ ಊರಿನ ಏಕಾಂತಮ್ಮನ ತಂಗಿ ಯಲ್ಲಕ್ಕ, ತಾನು ಬಂದಾಗಿನಿಂದ ಮೊಣಕಾಲುದ್ದ ಇದ್ದ ನೀರಲ್ಲವೇ ಎಂದು ಎಮ್ಮೆಯ ಹಿಂದೆ ಇಳಿದವಳು ಪೈಪು ತೋಡಿದ್ದ ಗುಂಡಿಯಿಂದ ಮೇಲೆ ಬರಲಿಲ್ಲ. ಪರಮೇಶ ನೋಡಲು ಹೋಗಿದ್ದ. ಹೋಗಬಾರದಿತ್ತು. ಆಕೆಯ ಬಾಯಿಯೊಳಗೆ ಮರಳಿತ್ತು, ಯಾರೋ ಬೆರಳು ಹಾಕಿ ತೆಗೆಯುತ್ತಿದ್ದರು, ತೆಗೆದಷ್ಟೂ ಬರುತ್ತಿತ್ತು. ಅವನ ಊರಿನ ಜನ ದಿಬ್ಬಕ್ಕೆ ಬೋಟು ತಾಗಗೊಡುವುದಿಲ್ಲ ಎಂದು ದಡದಲ್ಲಿ ಚಪ್ಪರ ಹಾಕಿಕೊಂಡು ಕೂತದ್ದು ಅದಾದ ಮೇಲೆ.

ಕೂತ ಜನಕ್ಕೆ ಬಲ ಬಂದದ್ದು ಹೋದ ಅಮಾವಾಸ್ಯೆಯ ಸಂಜೆ. ಗುಡಿಯ ಮುಂದೆ ಅಪ್ಪಣೆ ಕೇಳಿದಾಗ ಅಮ್ಮ ಹಿಂದಕ್ಕೆ ಸರಿದಳು. ಸರಿದಳು ಅನ್ನುವುದು ಸಣ್ಣ ಮಾತು, ಹಿಂದಿದ್ದ ಜನ ಚೆಲ್ಲಾಪಿಲ್ಲಿಯಾಗುವ ಹಾಗೆ ಕಂಬದವರೆಗೆ ಬಂದುಬಿಟ್ಟಳು. ಹೆಂಗಸರು ಅತ್ತರು, ಪೂಜಾರಿ ಚಿಕ್ಕತಿಮ್ಮಪ್ಪ ನೆಲಕ್ಕೆ ಹಣೆ ಹಚ್ಚಿದ. ಪರಮೇಶನ ಕಾಲಿಗೂ ಕೆಲವರು ಬಿದ್ದರು. ಅವನಿಗೆ ಮಾತ್ರ ಅವತ್ತು ಬೆಳಿಗ್ಗೆಯದು ನೆನಪಿತ್ತು. ಬೋಟಿನವರ ಪರವಾಗಿ ಊರೂರು ತಿರುಗುವ ರಂಗೇಶ ರಿಪೇರಿಗೆ ಕೊಟ್ಟಿದ್ದ ದೊಡ್ಡ ಮೋಟರನ್ನು ಒಯ್ಯಲು ಅಂಗಡಿಗೆ ಬಂದಿದ್ದ. ಜೀಪು ರಸ್ತೆಯ ಆಚೆ ನಿಂತಿತ್ತು. ತಳ್ಳುವ ಗಾಡಿ ತರಿಸುತ್ತೇನೆ ಎಂದರೆ ರಂಗೇಶ ಹಲ್ಲು ಕಿರಿದು, “ಯಾಕಪ್ಪ, ದೇವ್ರು ಹೊರೋ ಹೆಗ್ಲು, ಮೋಟ್ರು ಹೊರಕ್ಕೆ ಆಗಲ್ವ?” ಅಂದ. ಕೂತಿದ್ದ ಗಿರಾಕಿಗಳು ನಕ್ಕರು. ನಗಬೇಕೆಂದು ನಕ್ಕವರಲ್ಲ, ರಂಗೇಶ ನಕ್ಕನಲ್ಲ ಎಂದು ನಕ್ಕರು. ಇಲ್ಲ ಅನ್ನಬಹುದಿತ್ತು. ಅನ್ನದೆ ಎಡಹೆಗಲಿಗೆ ಮೋಟರು ಏರಿಸಿಕೊಂಡು, ಬಸ್ಸು ಬೈಕುಗಳ ನಡುವೆ ರಸ್ತೆ ದಾಟಿ, ಜೀಪಿನೊಳಗೆ ಇಳಿಸಿ ಬಂದ. ಶರಟಿನ ಮೇಲೆ ಗ್ರೀಸು ಹತ್ತಿತ್ತು. ಹೆಗಲು ಸಂಜೆಯವರೆಗೂ ಉರಿಯುತ್ತಿತ್ತು, ಮನಸ್ಸು ಅದಕ್ಕಿಂತ ಹೆಚ್ಚು. ಅದೇ ಹೆಗಲಿಗೆ ಬೊಂಬು ಬಿತ್ತು. ಚಿಕ್ಕತಿಮ್ಮಪ್ಪ ಕೇಳಿದ. ಆಮೇಲೆ ಆದದ್ದು ಏನು? ಅಮ್ಮ ಸರಿದಳೇ? ನೋವಿಗೆ ಹೆಗಲು ತಾನಾಗಿ ಹಿಂದಕ್ಕೆ ಎಳೆದುಕೊಂಡಿತೇ? ಅಥವಾ ರಂಗೇಶನ ಹಲ್ಲು ಕಣ್ಣ ಮುಂದೆ ಬಂದು, ತಗೋ ಮಗನೇ ಎಂದು ತಾನೇ ಎಳೆದನೇ? ಊರಿನವರು ಅಮ್ಮನ ಮಾತು ಎಂದು ಎದೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದದ್ದು ತನ್ನ ಸಿಟ್ಟೋ ತನ್ನ ಹೆಗಲ ನೋವೋ ಆಗಿರಬಹುದು ಎಂಬ ಅನುಮಾನ ಅವನಿಗೆ ಅಂದೇ ಹುಟ್ಟಿತು. ಯಾರಲ್ಲಿ ಹೇಳಿಕೊಳ್ಳುವುದು? ಹೇಳಿಕೊಂಡರೆ ಅಮ್ಮನಿಗೂ ಮರ್ಯಾದೆ ಇಲ್ಲ, ಅವನಿಗೂ ಇಲ್ಲ.

ಸೋಪು ಒಣಗಿ ಚರ್ಮ ಬಿಗಿಯುತ್ತಿತ್ತು. ನೀರು ಹೊಯ್ದುಕೊಂಡು, ಪಂಚೆ ಉಟ್ಟು ಹೊರಗೆ ಬಂದಾಗ ಮಗಳು ಅನುಷಾ ಬಾಗಿಲಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. “ನೀನು ಇವತ್ತು ದಿಬ್ಬಕ್ಕೆ ಬರಬ್ಯಾಡ,” ಅಂದ. ದನಿ ತಾನಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. ಅವಳು ಬಾಚಣಿಗೆ ನಿಲ್ಲಿಸಿ, “ಯಾಕಪ್ಪ, ಊರೆಲ್ಲ ಬರ್ತೈತೆ,” ಅಂದಳು. “ಬಿಸಿಲು.” “ನಂಗೇನು ಬಿಸಿಲು ಹೊಸದಾ?” ಸುಚಿತ್ರಾ ಒಳಗಿನಿಂದ, “ಬರ್ಲಿ ಬಿಡ್ರಿ, ಅವ್ರಪ್ಪ ಅಮ್ಮನ್ನ ಹೊರೋದು ಅವ್ಳೂ ನೋಡ್ಲಿ,” ಅಂದಳು. ಪರಮೇಶ ಮಗಳ ಕತ್ತಿನ ಹಿಂಭಾಗವನ್ನು ನೋಡಿದ. ಬಾಚಿ ಎತ್ತಿದ ಕೂದಲಿನ ಕೆಳಗೆ ಎಳೆ ಮಗುವಿನ ಕತ್ತಿನ ಹಾಗೇ ಇತ್ತು. ಅವನಿಗೆ ಆ ಕ್ಷಣ ಎಲ್ಲವನ್ನೂ ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಸುಚಿತ್ರಾ ಸುಮ್ಮನಿರುವವಳಲ್ಲ, ಸೀದಾ ಚಪ್ಪರಕ್ಕೆ ಹೋಗಿ ರಂಗೇಶನ ಹೆಸರು ಹಿಡಿದು ಕೂಗುತ್ತಾಳೆ. ಆಮೇಲೆ?

ರಂಗೇಶ ಗದರಿರಲಿಲ್ಲ. ಗದರಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ. ಹೋದ ವಾರ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ತಾನಾಗಿ ಕರೆದು ಎದುರಿಗೆ ಕೂರಿಸಿಕೊಂಡು ಟೀ ಹೇಳಿದ. “ಮೋಟ್ರು ಬಾಳ ಚೆನ್ನಾಗ್ ಓಡ್ತೈತೆ ಪರಮೇಶಣ್ಣ, ಕೈ ಐತೆ ನಿಂಗೆ,” ಅಂದ. ಅವತ್ತು ಗುಡಿಯ ಮುಂದೆ ಕೇಳಿದ್ದು ಸರಿಯಾದ ಕ್ರಮವಲ್ಲ, ದಿಬ್ಬದ ವಿಷಯ ದಿಬ್ಬದ ಮೇಲೇ ನಿಂತು ಕೇಳಲಿ, ಅಮ್ಮ ಹಿಂದಕ್ಕೆ ಬಂದರೆ ಬೋಟು ವಾಪಸು ಲಾರಿಗೇರಿಸುತ್ತೇವೆ ಎಂದು ಊರಿನ ಹಿರಿಯರಿಗೆ ಮಾತು ಕೊಟ್ಟದ್ದನ್ನು ಹೇಳಿದ. ಊರಿನವರೂ ಹಿಂದುಮುಂದು ನೋಡದೆ ಒಪ್ಪಿಕೊಂಡಿದ್ದರು. ಅಮ್ಮ ಎರಡು ನಾಲಿಗೆಯವಳಲ್ಲ ಎಂಬ ಧೈರ್ಯ ಅವರಿಗೆ. “ನಿಮ್ಮೂರಿನವ್ರು ದೇವ್ರನ್ನ ನಂಬ್ತಾರೆ. ನಾನು ಹೆಗಲನ್ನ ನಂಬ್ತೀನಿ,” ಎಂದು ರಂಗೇಶ ನಕ್ಕ. ಟೀ ಬಂತು. ಅವನು ಸಾಸರಿಗೆ ಬಗ್ಗಿಸಿಕೊಂಡು ಊದುತ್ತ, “ನಿನ್ ಮಗ್ಳು ಅನುಷಾ ಅಲ್ವ ಹೆಸ್ರು? ಬೆಳಿಗ್ಗೆ ಮೊದ್ಲನೇ ಬಸ್ಸಿಗೆ ಓದಕ್ಕೆ ಬರ್ತಾಳೆ. ಯಾವಾಗ್ಲೂ ಬಾಗ್ಲತ್ರನೇ ನಿಂತಿರ್ತಾಳೆ ಕಣಪ್ಪ, ಒಳಿಕ್ ಹೋಗು ಅಂತ ಹೇಳು. ನಮ್ ಟಿಪ್ಪರ್ ಹುಡುಗ್ರು ಹೆಂಗ್ ಓಡಿಸ್ತಾರೆ ಅಂತ ನಿಂಗೇ ಗೊತ್ತಲ್ಲ,” ಅಂದ. ಅಷ್ಟೇ. ಬೇರೆ ಯಾರಾದರೂ ಕೇಳಿದ್ದರೆ ಒಳ್ಳೆಯ ಮನುಷ್ಯ, ಮಕ್ಕಳ ಮೇಲೆ ಕಾಳಜಿ ಅನ್ನುತ್ತಿದ್ದರು. ಪರಮೇಶ ಟೀ ಕುಡಿದು ಮುಗಿಸಿದ. ಬಾಯಿ ಸುಟ್ಟದ್ದು ಆಮೇಲೆ ಗೊತ್ತಾಯಿತು. ಎದ್ದು ಬರುವಾಗ “ಬರ್ತೀನಿ ಸಾರ್” ಅಂದುಬಿಟ್ಟ. ತನಗಿಂತ ಚಿಕ್ಕವನನ್ನು ಸಾರ್ ಅಂದದ್ದು, ಆ ಒಂದು ಮಾತು, ಇವತ್ತಿಗೂ ಮೈಮೇಲೆ ಇರುವೆ ಹರಿದ ಹಾಗೆ ಹರಿಯುತ್ತಿತ್ತು.

ಗುಡಿಯ ಹತ್ತಿರ ಕೆಂಚಣ್ಣ ಕಂಬಕ್ಕೆ ಒರಗಿ ಕೂತಿದ್ದ. ಮೀಸೆ ನೆರೆತ ದೊಡ್ಡ ಆಳು, ಪರಮೇಶನ ಅಪ್ಪನ ಕಾಲದಿಂದ ಮುಂದಿನ ಬೊಂಬು ಅವನದೇ. ಮಾತು ಕಡಿಮೆ, ನಕ್ಕರೆ ಗುಡಿಯೆಲ್ಲ ನಗುವಂಥವನು. ಇವತ್ತು ನಗಲಿಲ್ಲ. “ಉಂಡ್ಯಾ?” ಅಂದ. “ಉಪಾಸ ಅಲ್ವ ಕೆಂಚಣ್ಣ.” “ಹೌದಲ್ಲ,” ಎಂದು ಎದ್ದ. ಇಷ್ಟು ವರ್ಷ ಹೊತ್ತವನು ಹೊರುವ ದಿನದ ಉಪವಾಸವನ್ನೇ ಮರೆತು ಕೇಳಿದ್ದು ಪರಮೇಶನಿಗೆ ವಿಚಿತ್ರವೆನ್ನಿಸಿತು. ಚಿಕ್ಕತಿಮ್ಮಪ್ಪ ಅಮ್ಮನಿಗೆ ಹಸಿರು ಸೀರೆ ಉಡಿಸಿ, ಹೂ ಮುಡಿಸಿ, ಬೊಂಬುಗಳ ನಡುವೆ ಬಿಗಿದ. ತಮಟೆ ಶುರುವಾಯಿತು. ಹೆಗಲು ಕೊಟ್ಟು ಎದ್ದು ನಿಂತಾಗ ಪರಮೇಶನ ಮುಂದೆ ಲೋಕವೇ ಮರೆಯಾಯಿತು. ಹಿಂದೆ ಹೊರುವವನಿಗೆ ದಾರಿ ಕಾಣುವುದಿಲ್ಲ. ಅಮ್ಮನ ಬೆನ್ನು, ಸೀರೆಯ ನೆರಿಗೆ, ಕಟ್ಟಿದ ಹಗ್ಗದ ಗಂಟು, ಇಷ್ಟೇ. ಊರಿಗೆ ಅಮ್ಮನ ಮುಖ, ಅವನಿಗೆ ಯಾವಾಗಲೂ ಬೆನ್ನು. ಮೊದಮೊದಲು ಅದೊಂದು ಸುಖವಾಗಿತ್ತು. ಎಲ್ಲಿಗೆ ಹೋಗುತ್ತಿದ್ದೇವೆಂದು ಯೋಚಿಸಬೇಕಾಗಿರಲಿಲ್ಲ. ಕೆಂಚಣ್ಣ ನಡೆದ ಕಡೆ ನಡೆದರೆ ಸಾಕಿತ್ತು. ಅಪ್ಪ ಒಮ್ಮೆ ಹೇಳಿದ್ದ, ಹೊತ್ತಾಗ ನಾನು ಅಂಬೋದು ಇರಬಾರದು ಮಗ, ಬರೀ ಭಾರ ಇರಬೇಕು ಎಂದು. ಇವತ್ತು ಬರೀ ನಾನು ನಾನು ಎಂದೇ ಎದೆ ಹೊಡೆದುಕೊಳ್ಳುತ್ತಿತ್ತು.

ಹಿನ್ನೀರಿನ ಅಂಚಿಗೆ ಬಂದಾಗ ತಮಟೆಯವರು ನಿಂತರು. ಹೆಂಗಸರು ಮಕ್ಕಳು ಮೀನು ಹಿಡಿಯುವವರ ತೆಪ್ಪಗಳಲ್ಲಿ ಹೊರಟರು, ಗಂಡಸರು ಪಂಚೆ ಎತ್ತಿ ಕಟ್ಟಿ ಇಳಿದರು. ನೀರು ಮೊಣಕಾಲಿಗೆ, ತೊಡೆಗೆ, ಸೊಂಟಕ್ಕೆ ಬಂತು. ಮೇಲೆ ಸುಡುವ ಬಿಸಿಲು, ಕೆಳಗೆ ತಣ್ಣನೆಯ ನೀರು. ಪ್ರತಿ ಹೆಜ್ಜೆಯಲ್ಲೂ ಪಾದದ ಕೆಳಗಿನ ಮರಳು ಸ್ವಲ್ಪ ಜಾರಿ ಮತ್ತೆ ಗಟ್ಟಿಯಾಗುತ್ತಿತ್ತು. ಮುಂದಿನ ಹೆಜ್ಜೆಗೆ ಗಟ್ಟಿಯಾಗದಿದ್ದರೆ? ಈಗಾಗಲೇ ಬೋಟಿನವರು ಇಲ್ಲೆಲ್ಲೋ ಪೈಪು ಇಳಿಸಿ ನೋಡಿದ್ದರೆ? ಯಲ್ಲಕ್ಕನೂ ಹೀಗೇ ಅಂದುಕೊಂಡು ಕಾಲಿಟ್ಟಿರಬೇಕು, ಇರುತ್ತದೆ ಎಂದುಕೊಂಡ ನೆಲ ಇಲ್ಲವಾಗಿರಬೇಕು. ಆಕೆಯ ಬಾಯೊಳಗಿನ ಬೆರಳು ನೆನಪಾಯಿತು. ಅಮ್ಮನ ಭಾರದಲ್ಲಿ ಬಿದ್ದರೆ ಏಳುವುದುಂಟೇ? ಬೀಳುವುದೇ ಒಳ್ಳೆಯದೇನೋ ಎಂದೂ ಹೊಳೆಯಿತು. ಬಿದ್ದರೆ ಕಾಲು ಉಳುಕಿತು ಅನ್ನಬಹುದು, ಬೇರೆಯವರು ಹೆಗಲು ಕೊಡುತ್ತಾರೆ. ಹೊಳೆದದ್ದಕ್ಕೆ ನಾಚಿಕೆಯಾಯಿತು, ಆದರೂ ಎಡಗಾಲನ್ನು ಒಂದೆರಡು ಸಲ ಓರೆಯಾಗಿ ಇಟ್ಟು ನೋಡಿದ. ಕಾಲು ಉಳುಕಲಿಲ್ಲ. ಜನ್ಮವಿಡೀ ಓಡಾಡಿದ ನೀರಿನಲ್ಲಿ ಕಾಲು ಅವನ ಮಾತು ಕೇಳದೆ ತನಗೆ ತಾನೇ ಸರಿಯಾಗಿ ನಿಂತಿತು.

ದಿಬ್ಬದ ಮೇಲೆ ಮರಳು ಕಾದಿತ್ತು. ಬಲಗಡೆ ಕೈಯಳತೆಯ ದೂರದಲ್ಲಿ ಜನ ನಿಂತದ್ದು ಓರೆಗಣ್ಣಿಗೆ ಕಾಣುತ್ತಿತ್ತು: ಬಣ್ಣಬಣ್ಣದ ಸೀರೆ, ತಲೆಗೆ ಟವೆಲು, ಅವುಗಳ ನಡುವೆ ಅನುಷಾಳ ಹಳದಿ ಚೂಡಿದಾರ. ಬಂದೇ ಬಿಟ್ಟಿದ್ದಾಳೆ. ಬೋಟು ಎದುರಿಗೇ ಇರಬೇಕು, ಡೀಸೆಲ್ ವಾಸನೆ ಬರುತ್ತಿತ್ತು, ರಂಗೇಶ ಯಾರಿಗೋ ಏನೋ ಹೇಳಿ ನಗುತ್ತಿದ್ದದ್ದು ಕೇಳುತ್ತಿತ್ತು. ಚಿಕ್ಕತಿಮ್ಮಪ್ಪ ಕಾಯಿ ಒಡೆದ, ಧೂಪ ಎತ್ತಿದ. ಆಮೇಲೆ ಕೈ ಮುಗಿದು ಕೇಳಿದ. “ಅಮ್ಮಾ ತಾಯೀ, ನಿನ್ ಮಡ್ಲಾಗೇ ನಿಂತು ಕೇಳ್ತಿದೀವಿ. ಈ ಮರಳು ಕೊಡಾಣ ಅನ್ನಂಗಿದ್ರೆ ಮುಂದಕ್ ನಡಿ. ಬ್ಯಾಡ ಅನ್ನಂಗಿದ್ರೆ ಹಿಂದಕ್ ಸರಿ. ನೀನ್ ಹೆಂಗ್ ಹೇಳ್ತೀಯೋ ಹಂಗೆ.”

ಪರಮೇಶ ಕಣ್ಣು ಮುಚ್ಚಿಕೊಂಡ. ಅಮ್ಮಾ, ನೀನೇ ಸರಿ, ನೀನೇ ಯಾವ ಕಡೆಗಾದರೂ ಸರಿ, ನನ್ನ ಕೈಯಲ್ಲಿ ಮಾಡಿಸಬೇಡ ಎಂದು ಬೇಡಿಕೊಂಡ. ಇಷ್ಟು ನಿಜವಾಗಿ ಅವನು ಯಾವ ದೇವರಿಗೂ ಬೇಡಿಕೊಂಡಿರಲಿಲ್ಲ. ಬೊಂಬು ಹೆಗಲ ಮೇಲೆ ಸತ್ತಂತೆ ಮಲಗಿತ್ತು. ಹಿಂದಕ್ಕೆ ಸರಿದರೆ ಊರು ಉಳಿಯುತ್ತದೆ, ನಾಳೆ ಬೆಳಿಗ್ಗೆ ಮೊದಲನೇ ಬಸ್ಸಿನ ಬಾಗಿಲಲ್ಲಿ ಅನುಷಾ ನಿಂತಿರುತ್ತಾಳೆ. ಬಸ್ಸಿಗೆ ಹತ್ತಬೇಡ ಅನ್ನಬಹುದು. ಎಷ್ಟು ದಿನ ಅನ್ನುವುದು? ಒಳಗೆ ಕೂತರೆ ಮಾತ್ರ ಏನೂ ಆಗುವುದಿಲ್ಲವೇ? ಬೆವರು ಕಣ್ಣಿಗಿಳಿಯಿತು. ಅಮ್ಮ ಅಲ್ಲಾಡಲಿಲ್ಲ. ಯಾರೋ ಕೆಮ್ಮಿದರು. ಆಗ ಬೋಟಿನ ಇಂಜಿನ್ನು ಒಮ್ಮೆ ಗುಟುರು ಹಾಕಿ ನಿಂತಿತು. ಬೇಕೆಂದೇ ಮಾಡಿದರೋ, ಪರೀಕ್ಷೆ ಮಾಡಿದರೋ ತಿಳಿಯಲಿಲ್ಲ. ಯೋಚನೆ ಮುಗಿಯುವ ಮೊದಲೇ ಎರಡೂ ಪಾದಗಳು ಮರಳಿನಲ್ಲಿ ಊರಿಕೊಂಡವು, ಹೆಗಲು ಮುಂದಕ್ಕೆ ಬಾಗಿತು. ಅವನು ದಬ್ಬಿದ. ಈ ಸಲ ಅನುಮಾನವೇನೂ ಇರಲಿಲ್ಲ. ಕೆಂಚಣ್ಣ ಬೆನ್ನು ಕೊಟ್ಟು ತಡೆಯುತ್ತಾನೆ, ಆ ದೊಡ್ಡ ಆಳಿನ ಮುಂದೆ ತನ್ನದೇನು ಎಂದುಕೊಂಡಿದ್ದ. ತಡೆಯಲಿ ಎಂದೂ ಆಸೆಪಟ್ಟಿದ್ದ. ಯಾರೂ ತಡೆಯಲಿಲ್ಲ. ಇಳಿಜಾರಿನಲ್ಲಿ ಬಿಟ್ಟ ಗಾಡಿಯಂತೆ ಅಮ್ಮ ಸಲೀಸಾಗಿ ಮುಂದಕ್ಕೆ ನಡೆದಳು.

ಅಳು ಕೇಳಿಸುತ್ತದೆ ಎಂದುಕೊಂಡಿದ್ದ, ಕೂಗು ಕೇಳಿಸುತ್ತದೆ ಎಂದುಕೊಂಡಿದ್ದ. ಏನೂ ಕೇಳಿಸಲಿಲ್ಲ. ನೀರು ದಿಬ್ಬದ ಅಂಚಿಗೆ ತಾಗುವ ಸದ್ದು ಮಾತ್ರ. ಚಿಕ್ಕತಿಮ್ಮಪ್ಪನ ದನಿ ಮುದುಕನದಾಗಿತ್ತು: “ಅಮ್ಮ ಮುಂದಕ್ ನಡದ್ಲು.” ರಂಗೇಶ ಬೋಟಿನಿಂದಲೇ, “ಆತಲ್ರಪ್ಪ, ನಿಮ್ಮಮ್ಮನೇ ಹೇಳಿದ್ಲು. ಇನ್ನು ನಮ್ದೇನೂ ತಕರಾರಿಲ್ಲ, ನಿಮ್ದೂ ಇರಬಾರ್ದು. ಎಲ್ರೂ ಹುಷಾರಾಗಿ ದಡಕ್ ಹೋಗ್ರಿ,” ಎಂದ. ಪರಮೇಶನಿಗೆ ಮೊದಲು ಆದದ್ದು ಸಮಾಧಾನ. ಇದನ್ನು ಮುಚ್ಚಿಡುವುದು ಹೇಗೆ? ಮೈಯೆಲ್ಲ ಸಡಿಲವಾಗಿ, ಬೆಳಗಿನಿಂದ ಹಿಡಿದುಕೊಂಡಿದ್ದ ಉಸಿರು ಬಿಟ್ಟು, ಅನುಷಾ ಇನ್ನು ಓದಿ ಮುಗಿಸುತ್ತಾಳೆ ಎಂದು ಸಂತೋಷಪಟ್ಟ. ಊರಿನವರು ಒಬ್ಬೊಬ್ಬರಾಗಿ ತೆಪ್ಪದ ಕಡೆ ನಡೆಯುತ್ತಾರೆ, ಅಮ್ಮ ಹೇಳಿದ ಮೇಲೆ ಮಾಡುವುದೇನಿದೆ. ನಾಳೆ ಅಂಗಡಿ ತೆರೆಯಬೇಕು.

ಅಷ್ಟರಲ್ಲಿ ಬಳೆಗಳ ಸದ್ದಾಯಿತು. ಯಾರೋ ಅಮ್ಮನ ಮುಂದೆ ಬಂದು ನಿಂತರು. ಅವನಿಗೆ ಕಾಣುವಂತಿರಲಿಲ್ಲ, ದನಿಯಿಂದ ಗೊತ್ತಾಯಿತು, ಏಕಾಂತಮ್ಮ. ಆಕೆಯ ದನಿ ಹೊಸ ಸೊಸೆಯ ದನಿಯ ಹಾಗೆ ನಡುಗುತ್ತಿತ್ತು. “ತಾಯೀ, ನೀನ್ ಕೊಟ್ಟಿದ್ದು ಆತು. ನಿಂದು ನೀನ್ ಕೊಟ್ಕ. ನಾನ್ ಕೊಡಲ್ಲ. ನನ್ ತಂಗಿನ ನುಂಗಿದ್ ಗುಂಡಿನೇ ಇಲ್ಲೂ ತೋಡ್ತಾರೆ. ಮೈಲಿ ಬ್ಯಾನೆ ಮೊಕದ ಮೇಲೆ ಹಾಕ್ತೀಯೋ, ಕಣ್ಣೇ ಕಿತ್ಕಂತೀಯೋ, ನಿನ್ನಿಷ್ಟ. ನಾನಂತೂ ಇಲ್ಲೇ ಕುಂತೆ, ಏಳಲ್ಲ.” ಚಿಕ್ಕತಿಮ್ಮಪ್ಪ, “ಏಯ್ ಏಕಾಂತಮ್ಮ, ಏನ್ ಮಾತಾಡ್ತಿದೀಯ, ಬಾಯ್ ಮುಚ್ಕ!” ಎಂದು ಕಿರುಚಿದ. ಮರಳಿನ ಮೇಲೆ ಆಕೆ ಧಪ್ಪನೆ ಕೂತ ಸದ್ದು. ಆಮೇಲೆ ಇನ್ನೊಬ್ಬರ ಮಂಡಿ ಮಡಿಸಿದ ಸದ್ದು, ಸೀರೆಯ ಸದ್ದು, ಮುದುಕನೊಬ್ಬನ ಅಯ್ಯಪ್ಪಾ, ಮತ್ತೊಬ್ಬರು, ಮತ್ತೊಬ್ಬರು. ಓರೆಗಣ್ಣಿನಲ್ಲಿ ನಿಂತಿದ್ದ ಬಣ್ಣಗಳೆಲ್ಲ ಕೆಳಗಿಳಿದವು. ಸುಚಿತ್ರಾ ಕೂರುವುದು ಕಂಡಿತು. ಅವಳ ತುಟಿ ಅಲ್ಲಾಡುತ್ತಿತ್ತು, ತಪ್ಪಾಯಿತು ತಾಯಿ ಎಂದು ಗಲ್ಲ ಗಲ್ಲ ಬಡಿದುಕೊಂಡೇ ಕೂತಳು. ಅನುಷಾ ಅವಳ ಪಕ್ಕಕ್ಕೆ ಬರದೆ ಎಲ್ಲರಿಗಿಂತ ಮುಂದೆ, ಏಕಾಂತಮ್ಮನ ಕಡೆ, ಬೋಟಿನ ಕಡೆ ಹೋದಳು. ಪರಮೇಶನಿಗೆ ಅವಳನ್ನು ಕೂಗಿ ಕರೆಯಬೇಕೆನ್ನಿಸಿತು, ಕೂಗಲಿಲ್ಲ. ಅವನು ಹೆದರಿದ್ದು ರಂಗೇಶನಿಗೆ, ಒಬ್ಬ ಮನುಷ್ಯನಿಗೆ. ಇವರು ಹೆದರುತ್ತಿದ್ದದ್ದು ಅಮ್ಮನಿಗೆ. ಮನೆ, ಮಕ್ಕಳು, ದನ ಕರು ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ಒರೆಸಿಹಾಕಬಲ್ಲಳೆಂದು ನಂಬಿದ್ದ ಅಮ್ಮನಿಗೆ. ಹೆದರಿ ನಡುಗುತ್ತಲೇ ಅವಳ ಮಾತು ಮೀರಿ ಕೂತಿದ್ದರು. ಆ ಮಾತು ಅವಳದಲ್ಲ ಎಂದು ದಿಬ್ಬದ ಮೇಲೆ ಗೊತ್ತಿದ್ದವನು ತಾನೊಬ್ಬ.

ಒಬ್ಬನೇ ಅಲ್ಲ. ಮುಂದಿನಿಂದ, ಅಮ್ಮನ ಆಚೆಯಿಂದ, ಕೆಂಚಣ್ಣ ತುಟಿ ಅಲ್ಲಾಡಿಸದೆ ಮಾತಾಡುವವನಂತೆ, “ನೀನ್ ದಬ್ಬಿದ್ದು ನಂಗೆ ಗೊತ್ತಾತು ಕಣಪ್ಪ,” ಅಂದ. “ತಡೀಬೋದಿತ್ತು. ತಡೀಲಿಲ್ಲ. ನಮ್ ಹಾಲೇಶನ ಟ್ರ್ಯಾಕ್ಟ್ರು ಅವ್ರತ್ರ ಓಡ್ತೈತೆ. ನನ್ ಮಗನ್ ಹೆಸ್ರು ಹಿಡ್ದು ನಂಗೂ ಟೀ ಕುಡ್ಸಿದ್ರು.” ಅವನ ದನಿಯಲ್ಲಿ ನಗೆಯಂಥದೇನೋ ಇತ್ತು, ನಗೆಯಲ್ಲ. ಊರೆಲ್ಲ ಕೂತಿತ್ತು. ನಿಂತಿದ್ದವರು ಅವರಿಬ್ಬರೇ, ಅಷ್ಟು ದೊಡ್ಡ ಬಯಲಿನ ನಡುವೆ, ಹೆಗಲ ಮೇಲೆ ಅಮ್ಮನನ್ನು ಇಟ್ಟುಕೊಂಡು, ಎಲ್ಲಿಂದ ನೋಡಿದರೂ ಕಾಣುವ ಹಾಗೆ. ಮಂಡಿ ನಡುಗುತ್ತಿದ್ದದ್ದು ಬೊಂಬಿನ ಗೆಜ್ಜೆಗಳಿಗೆ ಗೊತ್ತಾಗಿ ಅವು ಸಣ್ಣಗೆ ಸದ್ದು ಮಾಡುತ್ತಿದ್ದವು. ಅಮ್ಮನಿಗೆ ಸಿಟ್ಟು ಬಂತು ಎಂದು ಯಾರೋ ಮುದುಕಿ ಅಳಲು ಶುರು ಮಾಡಿದಳು. ಅಳುತ್ತಲೇ ಕೂತಿದ್ದಳು.

ಬೋಟಿನಿಂದ ರಂಗೇಶನ ದನಿ ಬಂತು. ಅದರಲ್ಲಿ ಈಗ ಸಹನೆ ಇರಲಿಲ್ಲ. “ಪರಮೇಶಣ್ಣ, ಇವ್ರು ಬಿಸ್ಲಾಗೆ ಒಣಗ್ಲಿ. ನೀನ್ಯಾಕ್ ನಿಂತೀಯ? ನಿನ್ ಕೆಲ್ಸ ಆತಲ್ಲ, ಅಮ್ಮನ್ನ ಕರ್ಕಂಡು ಬಾ. ಬೋಟಾಗೆ ದಡ ಮುಟ್ಟಿಸ್ತೀನಿ.”

ನಿನ್ನ ಕೆಲಸ ಆಯಿತಲ್ಲ. ಆ ಮಾತು ನೀರಿನ ಮೇಲೆ ಜಾರಿಕೊಂಡು ಬಂದು ದಿಬ್ಬದ ಮೇಲೆಲ್ಲ ಹರಡಿತು. ಕೂತವರ ತಲೆಗಳು ಒಂದೊಂದಾಗಿ ಬೋಟಿನ ಕಡೆಯಿಂದ ಅವನ ಕಡೆಗೆ ತಿರುಗಿದವು. ಮೊದಲು ಗಂಡಸರು, ಆಮೇಲೆ ಹೆಂಗಸರು. ಸುಚಿತ್ರಾ ತಡವಾಗಿ ತಿರುಗಿದಳು, ಅರ್ಥವಾಗಲು ಅವಳಿಗೆ ಹೊತ್ತು ಹಿಡಿಯಿತು. ಅವಳು ಅವನ ಮುಖ ನೋಡಲಿಲ್ಲ, ಮರಳಿನಲ್ಲಿ ಊರಿಕೊಂಡಿದ್ದ ಅವನ ಪಾದಗಳನ್ನು ನೋಡಿದಳು. ಹಿಂದೆ ಮರಳು ಗುಡ್ಡೆಯಾಗಿ ಕೆದರಿತ್ತು. ದಬ್ಬಿದವನ ಕಾಲಿನ ಗುರುತು ಗದ್ದೆ ಉಳುವ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ಇಡೀ ವಾರ ತಾನು ಹೆದರಿದ್ದು ಜನ ಹೀಗೆ ನೋಡುವುದಕ್ಕಲ್ಲ ಎಂದುಕೊಂಡಿದ್ದ. ಇದಕ್ಕೇ ಆಗಿತ್ತು.

“ಕೆಂಚಣ್ಣ, ಇಳಸಾಣ,” ಅಂದ. “ಅಮ್ಮ ಹಾದೀಲಿ ನೆಲ ಮುಟ್ಟಂಗಿಲ್ಲ ಕಣೋ,” ಎಂದ ಕೆಂಚಣ್ಣ, ಆದರೆ ಅಷ್ಟು ಹೊತ್ತಿ‌ಗೆ ಅವನೂ ಮಂಡಿ ಮಡಿಸುತ್ತಿದ್ದ. ಇಬ್ಬರೂ ಅಮ್ಮನನ್ನು ಮರಳಿನ ಮೇಲೆ ಇಳಿಸಿದರು. ಹೆಗಲು ಖಾಲಿಯಾಯಿತು. ಬೆನ್ನು, ನೆರಿಗೆ, ಗಂಟು ಎಲ್ಲ ಕೆಳಗಾಗಿ ಎದುರಿನದೆಲ್ಲ ಕಂಡಿತು. ಬೋಟು ಅವನಂದುಕೊಂಡಿದ್ದಕ್ಕಿಂತ ಬಹಳ ಹತ್ತಿರವಿತ್ತು. ಪೈಪಿನ ಬಾಯಿ ದಿಬ್ಬದ ಅಂಚಿಗೆ ತಾಗಿಯೇ ಇತ್ತು. ಅದರ ಮುಂದೆ ಏಕಾಂತಮ್ಮ, ಪಕ್ಕದಲ್ಲಿ ಹಳದಿ ಚೂಡಿದಾರ. ರಂಗೇಶ ಮೊಬೈಲು ಎತ್ತಿ ಹಿಡಿದು ಕೂತವರ ಮುಖಗಳನ್ನು ನಿಧಾನವಾಗಿ, ಒಬ್ಬರನ್ನೂ ಬಿಡದೆ, ತೆಗೆದುಕೊಳ್ಳುತ್ತಿದ್ದ.

“ನಾನೇ ದಬ್ಬಿದ್ದು,” ಎಂದ ಪರಮೇಶ. “ಅಮ್ಮ ಅಲ್ಲ. ನಾನು.”

ಯಾರೂ ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು. ಏಕಾಂತಮ್ಮ ತಿರುಗಿ ಅವನನ್ನು ಒಂದು ಗಳಿಗೆ ನೋಡಿದಳು. ಅಮ್ಮನ ಮಾತು ಮೀರಲಿಲ್ಲ ಎಂಬ ನೆಮ್ಮದಿ ಆ ಮುಖದಲ್ಲಿ ಕಾಣುತ್ತದೇನೋ ಎಂದು ಅವನು ಹುಡುಕಿದ. ಅಲ್ಲಿ ಬಿಸಿಲು ಮತ್ತು ಆಯಾಸ ಬಿಟ್ಟರೆ ಏನಿರಲಿಲ್ಲ. “ಗೊತ್ತಾತು,” ಅಂದಳು. “ಬಾ, ಕುಂತ್ಕ.”

ಅವನು ಹೋಗಿ ಅನುಷಾಳ ಪಕ್ಕದಲ್ಲಿ ಕೂತ. ಅವಳು ಅವನ ಕಡೆ ನೋಡಲೂ ಇಲ್ಲ, ದೂರ ಸರಿಯಲೂ ಇಲ್ಲ. ಮೊಬೈಲು ಅವರಿಬ್ಬರ ಮುಂದೆ ಬಂದು ನಿಂತಿತು. ರಂಗೇಶ ಹಿಂದಕ್ಕೆ ತಿರುಗಿ ಕೈಸನ್ನೆ ಮಾಡಿದ, ಇಂಜಿನ್ನು ಶುರುವಾಯಿತು, ಈ ಸಲ ನಿಲ್ಲಲಿಲ್ಲ. ಕೂತ ಮರಳು ಕೆಳಗಿನಿಂದ ಸಣ್ಣಗೆ ನಡುಗತೊಡಗಿತು. ಪರಮೇಶನಿಗೆ ಬಹಳ ಭಯವಾಯಿತು. ಎಲ್ಲರಿಗೂ ಆಗುತ್ತಿತ್ತು.